ಪದವು, ತೋಟ, ಸುರಂಗ: ಸ್ವಯಂಚಾಲಿತ ಹಾರಾಟದ ಸಂಶೋಧನೆಗೆ ಹೊರಡುವವರು ಯಾವುದನ್ನು ಆರಿಸಿಕೊಳ್ಳಬೇಕು?

ಪ್ರತಿ ವರ್ಷ ಏಪ್ರಿಲ್ ಕಳೆಯುವ ಹೊತ್ತಿಗೆ ಎಂಜಿನಿಯರಿಂಗ್ ಕೊನೆಯ ವರ್ಷದ ಕೆಲವು ವಿದ್ಯಾರ್ಥಿಗಳು ನಮ್ಮ ಮನೆಯ ಜಗಲಿಯಲ್ಲಿ ಬಂದು ಕುಳಿತುಕೊಳ್ಳುತ್ತಾರೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಉಪ್ಪಳ ಕಡೆಯ ಮಕ್ಕಳು. ಹೆಚ್ಚಿನವರು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದವರು. ಕಾಲೇಜಿನಲ್ಲಿ ಒಂದು ಕ್ವಾಡ್‌ಕಾಪ್ಟರ್, ಅಂದರೆ ನಾಲ್ಕು ಪ್ರೊಪೆಲರ್‌ಗಳ ಡ್ರೋನ್, ಕಟ್ಟಿ ಹಾರಿಸಿದ್ದಾರೆ, ಅದರ ರುಚಿ ಹತ್ತಿದೆ, ಮುಂದೆ ಇದರಲ್ಲೇ ಸಂಶೋಧನೆ ಮಾಡಬೇಕೆಂಬ ಆಸೆ ಹುಟ್ಟಿದೆ. ಅವರ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಬಗೆಯವು. ಬೆಂಗಳೂರಿನ ಐಐಎಸ್‌ಸಿ ಒಳ್ಳೆಯದೋ, ಐಐಟಿಯೋ, ಹೊರದೇಶವೋ? ಕ್ಯಾಮೆರಾ ಹಿಡಿಯಬೇಕೋ, ಲೇಸರ್‌ನಿಂದ ದೂರ ಅಳೆಯುವ ಲೈಡಾರ್ ಹಿಡಿಯಬೇಕೋ? ಈಗ ಎಲ್ಲವೂ ಕೃತಕ ಬುದ್ಧಿಮತ್ತೆಯೇ ಆಗಿರುವಾಗ ಹಳೆಯ ನಿಯಂತ್ರಣ ಸಿದ್ಧಾಂತವನ್ನು ಕಲಿಯಬೇಕೇ?

ಈ ಪ್ರಶ್ನೆಗಳಿಗೆಲ್ಲ ಉತ್ತರವಿದೆ. ಆದರೆ ಅದಕ್ಕೆ ಮೊದಲು ನಾನು ಅವರನ್ನು ಒಂದು ಮಾತು ಕೇಳುತ್ತೇನೆ: ನಿಮ್ಮ ಯಂತ್ರ ಎಲ್ಲಿ ಹಾರಬೇಕು? ಜಾಗ ಯಾವುದೆಂದು ಗೊತ್ತಾದರೆ ಯಾವ ಸಂವೇದಕ ಬೇಕು, ಯಾವ ಗಣಿತ ಬೇಕು, ಯಾವ ಪ್ರಯೋಗಾಲಯದ ಬಾಗಿಲು ತಟ್ಟಬೇಕು ಎಂಬುದು ಬಹುಮಟ್ಟಿಗೆ ತಾನಾಗಿ ತೀರ್ಮಾನವಾಗುತ್ತದೆ. ಜಾಗ ಗೊತ್ತಿಲ್ಲದೆ ಸಂಸ್ಥೆಯ ಹೆಸರು ನೋಡಿ ಹೊರಟವರು ಎರಡನೆಯ ವರ್ಷದಲ್ಲಿ ವಿಷಯ ಬದಲಾಯಿಸಿದ್ದನ್ನು ನಾನು ಹಲವು ಬಾರಿ ನೋಡಿದ್ದೇನೆ.

ನಮ್ಮ ಕಾಸರಗೋಡು ಜಿಲ್ಲೆಯ ಭಾಗ್ಯವೆಂದರೆ, ಈ ಸಂಶೋಧನಾ ಕ್ಷೇತ್ರದ ಮೂರು ಮುಖ್ಯ ಸಮಸ್ಯೆಗಳು ಇಲ್ಲಿ ಮೂರು ಬಗೆಯ ನೆಲದಲ್ಲಿ ಸಿಗುತ್ತವೆ. ಮುರಕಲ್ಲಿನ ಬಯಲು ಪದವು, ಅಡಿಕೆ ತೋಟ ಮತ್ತು ನೀರಿಗಾಗಿ ಗುಡ್ಡವನ್ನು ಅಡ್ಡಕ್ಕೆ ಕೊರೆದ ಸುರಂಗ. ಒಂದೊಂದನ್ನೂ ಇಟ್ಟುಕೊಂಡು ಹೋಲಿಸುತ್ತೇನೆ.

ಪದವಿನ ಮೇಲೆ

ತಲೆಯ ಮೇಲೆ ತೆರೆದ ಆಕಾಶವಿದ್ದಾಗ ಯಂತ್ರಕ್ಕೆ ತಾನು ಎಲ್ಲಿದ್ದೇನೆ ಎಂಬುದು ಉಪಗ್ರಹಗಳಿಂದ ತಿಳಿಯುತ್ತದೆ. ಸಾಮಾನ್ಯ ಜಿಪಿಎಸ್‌ನಲ್ಲಿ ಕೆಲವು ಮೀಟರ್‌ಗಳ ತಪ್ಪು ಇರುತ್ತದೆ. ನೆಲದ ಮೇಲೆ ಇನ್ನೊಂದು ರಿಸೀವರ್ ಇಟ್ಟು ತಿದ್ದಿಕೊಳ್ಳುವ ಆರ್‌ಟಿಕೆ ವಿಧಾನದಲ್ಲಿ ಅದು ಸೆಂಟಿಮೀಟರ್‌ಗಳಿಗೆ ಇಳಿಯುತ್ತದೆ. ಇಲ್ಲಿ ಆಯ್ಕೆ ಇರುವುದು ಯಂತ್ರದ ಆಕಾರದಲ್ಲಿ. ರೆಕ್ಕೆಯ ವಿಮಾನಕ್ಕೆ ಗಾಳಿಯೇ ಆಸರೆ ಕೊಡುವುದರಿಂದ ಅದೇ ಬ್ಯಾಟರಿಯಲ್ಲಿ ಅದು ಬಹಳ ಹೆಚ್ಚು ದೂರ ಹೋಗುತ್ತದೆ, ಆದರೆ ಒಂದೆಡೆ ನಿಲ್ಲಲಾರದು, ಇಳಿಯಲು ಜಾಗ ಬೇಕು. ಕ್ವಾಡ್‌ಕಾಪ್ಟರ್ ನಿಂತಲ್ಲೇ ನಿಲ್ಲುತ್ತದೆ, ಅದಕ್ಕೆ ಬೆಲೆಯಾಗಿ ಪ್ರತಿ ಕ್ಷಣವೂ ತನ್ನ ಇಡೀ ತೂಕವನ್ನು ಮೋಟಾರುಗಳಿಂದಲೇ ಹೊರುತ್ತದೆ. ಹತ್ತು ಎಕರೆ ಗೇರು ತೋಟದ ನಕ್ಷೆ ಮಾಡುವುದಾದರೆ ಕ್ವಾಡ್‌ಕಾಪ್ಟರ್ ಸಾಕು. ಚಂದ್ರಗಿರಿ ಹೊಳೆಯ ಉದ್ದಕ್ಕೂ ದಂಡೆಯ ಕೊರೆತವನ್ನು ಪ್ರತಿ ವರ್ಷ ಅಳೆಯಬೇಕಾದರೆ ರೆಕ್ಕೆಯ ವಿಮಾನ ಬೇಕು.

ಸಂಶೋಧನೆಯ ವಿಷಯವಾಗಿ ಪದವಿನ ಹಾರಾಟವನ್ನು ಆರಿಸಿಕೊಳ್ಳಲು ನಾನು ಸುಲಭವಾಗಿ ಒಪ್ಪುವುದಿಲ್ಲ. ಗೊತ್ತುಮಾಡಿದ ಬಿಂದುಗಳ ಮೇಲೆ ಹಾರಿ ಮರಳಿ ಇಳಿಯುವ ಕೆಲಸ ಬಹಳ ಹಿಂದೆಯೇ ಬಗೆಹರಿದಿದೆ. ಅದನ್ನು ಮಾಡುವ ಎರಡು ಮುಕ್ತ ತಂತ್ರಾಂಶಗಳು, ಆರ್ಡುಪೈಲಟ್ ಮತ್ತು ಪಿಎಕ್ಸ್4, ಯಾರಿಗೂ ಉಚಿತವಾಗಿ ಸಿಗುತ್ತವೆ. ಎರಡನೆಯದರ ಹುಟ್ಟು ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದಲ್ಲಿ, 2008ರಲ್ಲಿ ಲೊರೆನ್ಜ್ ಮೈಯರ್ ಎಂಬ ವಿದ್ಯಾರ್ಥಿ ಶುರು ಮಾಡಿದ ಪ್ರಾಜೆಕ್ಟಿನಲ್ಲಿ. ವಿದ್ಯಾರ್ಥಿಯೊಬ್ಬನ ಕೆಲಸ ಇಷ್ಟು ದೊಡ್ಡ ಮರವಾಗಿ ಬೆಳೆದದ್ದು ನನಗೆ ಇವತ್ತಿಗೂ ಉತ್ಸಾಹ ಕೊಡುತ್ತದೆ. ಎರಡರಲ್ಲಿ ಯಾವುದು ಎಂದು ಕೇಳಿದರೆ: ಹೊಲದಲ್ಲಿ ದಿನವೂ ದುಡಿಯುವ ಯಂತ್ರ, ದೋಣಿ, ವಿಮಾನ ಎಲ್ಲವೂ ಬೇಕಾದವರಿಗೆ ಆರ್ಡುಪೈಲಟ್, ತಮ್ಮದೇ ನಿಯಂತ್ರಣ ಕ್ರಮವನ್ನು ಒಳಗೆ ಸೇರಿಸಿ, ರೋಬೋಟ್‌ಗಳ ತಂತ್ರಾಂಶ ಚೌಕಟ್ಟಾದ ಆರ್‌ಒಎಸ್ 2 ಜೊತೆ ಜೋಡಿಸಿ ಪ್ರಯೋಗ ಮಾಡುವವರಿಗೆ ಪಿಎಕ್ಸ್4. ಪರವಾನಗಿಯಲ್ಲೂ ವ್ಯತ್ಯಾಸವಿದೆ. ಆರ್ಡುಪೈಲಟ್ ಜಿಪಿಎಲ್ ಅಡಿಯಲ್ಲಿದೆ, ಆದ್ದರಿಂದ ಅದನ್ನು ತಿದ್ದಿ ಮಾರುವವರು ತಿದ್ದಿದ ಕೋಡನ್ನೂ ಕೊಡಬೇಕಾಗುತ್ತದೆ. ಪಿಎಕ್ಸ್4ನ ಬಿಎಸ್‌ಡಿ ಪರವಾನಗಿ ಆ ಕಟ್ಟು ಹಾಕುವುದಿಲ್ಲ. ಮುಂದೆ ಸ್ವಂತ ಕಂಪನಿ ಕಟ್ಟುವ ಯೋಚನೆ ಇರುವವರು ಇದನ್ನು ಈಗಲೇ ತಿಳಿದಿರುವುದು ಒಳ್ಳೆಯದು.

ಕಾನೂನಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. 2021ರ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ವರೆಗಿನದು ನ್ಯಾನೊ, 2 ಕಿಲೋ ವರೆಗಿನದು ಮೈಕ್ರೊ, 25 ಕಿಲೋ ವರೆಗಿನದು ಸ್ಮಾಲ್. ಸರಕಾರದ ವಾಯುಪ್ರದೇಶ ನಕ್ಷೆಯಲ್ಲಿ ಹಸಿರು ಎಂದು ಗುರುತಿಸಿದ ವಲಯದಲ್ಲಿ 400 ಅಡಿಯವರೆಗೆ ಮುಂಚಿತ ಅನುಮತಿ ಬೇಡ. ಸಂಶೋಧನಾ ಸಂಸ್ಥೆಗಳು ಹಸಿರು ವಲಯದಲ್ಲಿರುವ ತಮ್ಮದೇ ಅಥವಾ ಬಾಡಿಗೆಯ ಆವರಣದೊಳಗೆ ಹಾರಿಸುವುದಾದರೆ ನೋಂದಣಿ ಸಂಖ್ಯೆ, ಮಾದರಿ ಪ್ರಮಾಣಪತ್ರ, ಪೈಲಟ್ ಪ್ರಮಾಣಪತ್ರ ಯಾವುದೂ ಬೇಕಿಲ್ಲ. ಆದರೆ ಕಾಲೇಜಿಗೆ ಇರುವ ಈ ವಿನಾಯಿತಿ ನಿಮ್ಮ ಮಾವನ ಮನೆಯ ಗುಡ್ಡೆಗೆ ಬರುವುದಿಲ್ಲ. ಹಾರಿಸುವ ಮೊದಲು ವಲಯದ ನಕ್ಷೆ ನೋಡಿ.

ತೋಟದೊಳಗೆ

ಕೆಲವು ವರ್ಷಗಳ ಹಿಂದೆ, ಮಳೆಗಾಲ ಮುಗಿದು ನೆಲ ಆರಿದ ಮೇಲೆ, ನಾನು ಮತ್ತು ಇಬ್ಬರು ವಿದ್ಯಾರ್ಥಿಗಳು ನಮ್ಮ ಮನೆಯ ಅಡಿಕೆ ತೋಟದಲ್ಲಿ ಒಂದು ಕ್ವಾಡ್‌ಕಾಪ್ಟರ್ ಹಾರಿಸಿದೆವು. ಪದವಿನ ಮೇಲೆ ಅದು ಅಲುಗದೆ ನಿಲ್ಲುತ್ತಿತ್ತು. ತೋಟದೊಳಗೆ ನಾಲ್ಕು ಮೀಟರ್ ಏರಿಸಿ, ಇದ್ದಲ್ಲೇ ಇರಲು ಆಜ್ಞೆ ಕೊಟ್ಟು ಕೈ ಬಿಟ್ಟೆ. ಅರ್ಧ ನಿಮಿಷವೂ ಆಗಿರಲಿಲ್ಲ, ಯಾರೋ ತಳ್ಳಿದಂತೆ ಅದು ಪಕ್ಕಕ್ಕೆ ಸರಿಯಿತು, ಕಾಳುಮೆಣಸಿನ ಬಳ್ಳಿಗೆ ಪ್ರೊಪೆಲರ್ ಸಿಕ್ಕಿಕೊಂಡಿತು, ಬಿತ್ತು. ಸೋಗೆಗಳ ಮರೆಯಲ್ಲಿ ಉಪಗ್ರಹದ ಸಂಕೇತಗಳು ಕ್ಷೀಣಿಸಿದ್ದವು, ಮರಗಳಿಗೆ ತಾಗಿ ಸುತ್ತಿ ಬಂದವು ಇನ್ನಷ್ಟು ತಪ್ಪು ಹೇಳಿದ್ದವು. ಯಂತ್ರ ತನ್ನ ಲೆಕ್ಕದಲ್ಲಿ ಇದ್ದಲ್ಲೇ ಇತ್ತು.

ತಂದೆ ಬಂದು ನೋಡಿದರು. ಮುರಿದ ತುಂಡುಗಳ ಬಗ್ಗೆ ಏನೂ ಹೇಳಲಿಲ್ಲ. ಇದರಿಂದ ಏನು ಮಾಡುವವನಿದ್ದೆ ಎಂದು ಕೇಳಿದರು. ಮೇಲಿನಿಂದ ಚಿತ್ರ ತೆಗೆದು ಕೊಳೆರೋಗ ಎಲ್ಲಿದೆ ಎಂದು ಗುರುತಿಸುವ ಯೋಚನೆ ಎಂದೆ. "ಗೊನೆ ಇರುವುದು ಸೋಗೆಯ ಅಡಿಯಲ್ಲಲ್ಲವೇ? ಮೇಲೆ ಹಾರಿ ಏನನ್ನು ನೋಡುತ್ತೀ?" ಎಂದರು. ಆ ಒಂದು ಮಾತು ನನ್ನ ಸಂಶೋಧನೆಯ ದಿಕ್ಕನ್ನೇ ಬದಲಾಯಿಸಿತು. ಕೊಳೆರೋಗ ಹಿಡಿಯುವುದು ಎಳೆಯ ಕಾಯಿಗಳನ್ನು. ಅವು ತಲೆಯ ಸೋಗೆಗಳ ಕೆಳಗೆ ಇರುತ್ತವೆ. ಮೇಲಿನಿಂದ ಕಾಣುವುದು ಹಸಿರು ಚಾವಣಿ ಮಾತ್ರ. ರೋಗ ನೋಡಬೇಕಾದರೆ ಯಂತ್ರ ಚಾವಣಿಯ ಅಡಿಯಲ್ಲಿ, ಮರಗಳ ನಡುವೆ, ಜಿಪಿಎಸ್‌ನ ನೆರವಿಲ್ಲದೆ ಹಾರಬೇಕು. ಇಂದು ವಿಶ್ವದ ಒಳ್ಳೆಯ ಪ್ರಯೋಗಾಲಯಗಳು ದುಡಿಯುತ್ತಿರುವ ಸಮಸ್ಯೆಯೇ ಇದು, ನಮ್ಮ ಹಿತ್ತಿಲಿನಲ್ಲಿದೆ.

ಉಪಗ್ರಹ ಇಲ್ಲದಾಗ ಉಳಿಯುವ ಮೊದಲ ಆಸರೆ ಐಎಂಯು, ಅಂದರೆ ವೇಗದ ಬದಲಾವಣೆ ಮತ್ತು ತಿರುಗುವಿಕೆಯನ್ನು ಅಳೆಯುವ ಪುಟ್ಟ ಚಿಪ್. ಅದೊಂದನ್ನೇ ನಂಬಲು ಏಕೆ ಆಗುವುದಿಲ್ಲ ಎಂಬುದನ್ನು ಲೆಕ್ಕ ಮಾಡಿ ನೋಡಿ. ಅಳತೆಯಲ್ಲಿ ಸೆಕೆಂಡಿನ ವರ್ಗಕ್ಕೆ 0.01 ಮೀಟರ್‌ನಷ್ಟು ಸ್ಥಿರವಾದ ತಪ್ಪು ಇದ್ದರೂ ಅದು ಎರಡು ಬಾರಿ ಕೂಡಿಕೆಯಾಗಿ ಒಂದು ನಿಮಿಷದಲ್ಲಿ 18 ಮೀಟರ್ ಆಗುತ್ತದೆ. ಶಿಫಾರಸು ಮಾಡಿದ ಅಂತರದಲ್ಲಿ ನೆಟ್ಟ ಅಡಿಕೆ ಮರಗಳ ನಡುವೆ ಇರುವುದು 2.7 ಮೀಟರ್. ಆದ್ದರಿಂದ ಹೊರಗಿನದನ್ನು ನೋಡುವ ಒಂದು ಕಣ್ಣು ಬೇಕೇ ಬೇಕು. ಅದು ಕ್ಯಾಮೆರಾ ಆಗಬಹುದು, ಲೇಸರ್ ಕಿರಣ ಬಿಟ್ಟು ದೂರ ಅಳೆಯುವ ಲೈಡಾರ್ ಆಗಬಹುದು.

ಕ್ಯಾಮೆರಾ ಹಗುರ, ಅಗ್ಗ, ಮತ್ತು ರೋಗವನ್ನು ನೋಡುವುದಕ್ಕೂ ಅದೇ ಬೇಕು. ಒಂದೇ ಕ್ಯಾಮೆರಾವನ್ನು ಐಎಂಯು ಜೊತೆ ಕೂಡಿಸಿ ಸ್ಥಾನ ಕಂಡುಹಿಡಿಯುವ ವಿನ್ಸ್-ಮೊನೊ ಎಂಬ ತಂತ್ರಾಂಶವನ್ನು ಹಾಂಗ್‌ಕಾಂಗ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಶಾವೊಜಿಯೆ ಶೆನ್ ಅವರ ತಂಡ ಸಾರ್ವಜನಿಕಗೊಳಿಸಿದೆ. ಅದನ್ನು ಇಳಿಸಿಕೊಂಡು ಲ್ಯಾಪ್‌ಟಾಪಿನಲ್ಲೇ ಓಡಿಸಿ ಕಲಿಯಬಹುದು. ಒಂದೇ ಕ್ಯಾಮೆರಾಕ್ಕೆ ದೂರದ ಅಳತೆ ತಿಳಿಯದು, ಹತ್ತಿರದ ಸಣ್ಣ ಮರವೂ ದೂರದ ದೊಡ್ಡ ಮರವೂ ಅದಕ್ಕೆ ಒಂದೇ. ಆ ಅಳತೆಗೋಲನ್ನು ಒದಗಿಸುವುದು ಐಎಂಯು. ಎರಡರ ಕೊರತೆಯನ್ನು ಎರಡೂ ತುಂಬುವ ಈ ಹೊಂದಾಣಿಕೆ ಬಹಳ ಸುಂದರವಾದದ್ದು.

ಆದರೆ ಕ್ಯಾಮೆರಾಕ್ಕೆ ಹಿಡಿದುಕೊಳ್ಳಲು ಗುರುತುಗಳು ಬೇಕು. ಮಂಗಳ ಗ್ರಹದಲ್ಲಿ 2021ರ ಏಪ್ರಿಲ್ 19ರಂದು ಮೊದಲ ಬಾರಿ ಹಾರಿದ 1.8 ಕಿಲೋ ತೂಕದ ಇಂಜೆನ್ಯುಯಿಟಿ ಹೆಲಿಕಾಪ್ಟರನ್ನು ನೆನಪಿಸಿಕೊಳ್ಳಿ. ಅದರ ಮುಖ್ಯ ಎಂಜಿನಿಯರ್ ಆಗಿದ್ದವರು ಐಐಟಿ ಮದ್ರಾಸಿನಲ್ಲಿ ಓದಿದ ಬಾಬ್ ಬಲರಾಮ್. ಕೆಳಮುಖದ ಕ್ಯಾಮೆರಾದಿಂದ ನೆಲದ ಗುರುತುಗಳನ್ನು ಹಿಂಬಾಲಿಸುತ್ತ 72 ಬಾರಿ ಹಾರಿತು. ಕೊನೆಯ ಹಾರಾಟ 2024ರ ಜನವರಿಯಲ್ಲಿ, ಮರಳಿನ ಅಲೆಗಳ ಮೇಲೆ. ಅಲ್ಲಿ ಹಿಂಬಾಲಿಸಲು ಸಾಕಷ್ಟು ಗುರುತುಗಳು ಸಿಗದೆ ವೇಗದ ಲೆಕ್ಕ ತಪ್ಪಿ, ನೆಲಕ್ಕೆ ಗಟ್ಟಿಯಾಗಿ ಇಳಿದು ರೆಕ್ಕೆ ಮುರಿಯಿತು. ಅಡಿಕೆ ತೋಟದ ಕಷ್ಟ ಇದಕ್ಕೆ ಸರಿಯಾಗಿ ಉಲ್ಟಾ. ಇಲ್ಲಿ ಗುರುತುಗಳಿಗೆ ಬರವಿಲ್ಲ, ಆದರೆ ಎಲ್ಲವೂ ಒಂದರಂತೆ ಒಂದು. ಉಂಗುರ ಉಂಗುರದ ಕಾಂಡಗಳು ಸಾಲಾಗಿ ನಿಂತಿರುವಾಗ, "ಈ ಮರವನ್ನು ನಾನು ಆಗಲೇ ನೋಡಿದ್ದೇನೆ" ಎಂದು ಯಂತ್ರ ತಪ್ಪಾಗಿ ತೀರ್ಮಾನಿಸಿದರೆ ಅದು ಕಟ್ಟಿದ ನಕ್ಷೆಯೇ ಮಡಚಿಕೊಳ್ಳುತ್ತದೆ. ಅದರ ಮೇಲೆ ಸೋಗೆಗಳ ನಡುವಿನಿಂದ ಬೀಳುವ ಬಿಸಿಲಿನ ಚುಕ್ಕೆಗಳು, ಪ್ರೊಪೆಲರ್ ಗಾಳಿಗೆ ಕುಣಿಯುವ ಬಾಳೆ ಎಲೆಗಳು. ಚಲಿಸುವ ಎಲೆಯನ್ನು ನಿಂತ ಗುರುತು ಎಂದು ತಿಳಿದರೆ ಯಂತ್ರ ತಾನೇ ಚಲಿಸುತ್ತಿದ್ದೇನೆ ಎಂದುಕೊಳ್ಳುತ್ತದೆ.

ಲೈಡಾರ್‌ಗೆ ಈ ಬಿಸಿಲು ನೆರಳಿನ ತೊಂದರೆ ಇಲ್ಲ. ಅಡಿಕೆಯ ಕಾಂಡ ನೇರವಾದ ಕಂಬ. ಲೇಸರ್ ಬಿಂದುಗಳಲ್ಲಿ ಅದು ಅಚ್ಚುಕಟ್ಟಾಗಿ ಮೂಡುತ್ತದೆ. ಹಾಂಗ್‌ಕಾಂಗ್ ವಿಶ್ವವಿದ್ಯಾಲಯದ ಫು ಜಾಂಗ್ ಅವರ ತಂಡದ ಫಾಸ್ಟ್-ಲಿಯೊ ತಂತ್ರಾಂಶ ಲೈಡಾರ್ ಮತ್ತು ಐಎಂಯು ಎರಡನ್ನೂ ಕೂಡಿಸಿ ಸಣ್ಣ ಕಂಪ್ಯೂಟರಿನಲ್ಲೇ ಸ್ಥಾನ ಹೇಳುತ್ತದೆ. ಬೆಲೆ ಹೆಚ್ಚು ಎಂಬುದು ಎಲ್ಲರಿಗೂ ಗೊತ್ತು. ತೂಕದ ಲೆಕ್ಕವನ್ನು ಮಾತ್ರ ಹೆಚ್ಚಿನವರು ಮಾಡುವುದಿಲ್ಲ. ಡ್ರೋನ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಲಿವಾಕ್ಸ್ ಮಿಡ್-360 ಸುಮಾರು 265 ಗ್ರಾಂ ತೂಗುತ್ತದೆ. 1.2 ಕಿಲೋದ ಯಂತ್ರಕ್ಕೆ ಅದನ್ನು ಹೊರಿಸಿದರೆ ತೂಕ ಶೇ. 22ರಷ್ಟು ಏರುತ್ತದೆ. ನಿಂತು ಹಾರಲು ಬೇಕಾದ ಶಕ್ತಿ ತೂಕದ ಒಂದೂವರೆ ಘಾತದಲ್ಲಿ ಬೆಳೆಯುವುದರಿಂದ, ಅದೇ ಪ್ರೊಪೆಲರ್‌ಗಳಲ್ಲಿ ಶೇ. 35ರಷ್ಟು ಹೆಚ್ಚು ಶಕ್ತಿ ಬೇಕು. ದೊಡ್ಡ ಪ್ರೊಪೆಲರ್ ಹಾಕಿ ಇದನ್ನು ಸರಿಪಡಿಸೋಣ ಎಂದರೆ ಯಂತ್ರ ಅಗಲವಾಗುತ್ತದೆ, ಆಗ 2.7 ಮೀಟರ್ ಮತ್ತೆ ಅಡ್ಡ ಬರುತ್ತದೆ.

ಹಾಗಾದರೆ ಯಾವುದು? ನನ್ನ ಅನುಭವದ ಮಾತು ಹೀಗಿದೆ. ಎರಡು ವರ್ಷದ ಎಂಟೆಕ್‌ನಲ್ಲಿ ಪ್ರಾಜೆಕ್ಟಿಗೆ ಸಿಗುವುದು ಒಂದು ವರ್ಷ. ಆ ಅವಧಿಯಲ್ಲಿ ತೋಟದೊಳಗೆ ನಿಜವಾಗಿ ಹಾರುವ ಯಂತ್ರವನ್ನು ತೋರಿಸಬೇಕೆಂದಿದ್ದರೆ ಲೈಡಾರ್ ಹಿಡಿಯಿರಿ, ಪ್ರಯೋಗಾಲಯದಲ್ಲಿ ಅದು ಇದೆಯೇ ಎಂದು ಮೊದಲೇ ಕೇಳಿ. ನಾಲ್ಕೈದು ವರ್ಷದ ಪಿಎಚ್‌ಡಿಗೆ ಹೋಗುವವರು ಕ್ಯಾಮೆರಾ ಹಿಡಿಯಿರಿ. ಬಗೆಹರಿಯದ ಪ್ರಶ್ನೆಗಳು ಹೆಚ್ಚು ಇರುವುದು ಅಲ್ಲಿ, ಮತ್ತು ನಮ್ಮ ಕೃಷಿಕರು ಕೊಳ್ಳಬಲ್ಲ ಬೆಲೆಗೆ ಎಂದಾದರೂ ಇಳಿಯುವುದಿದ್ದರೆ ಆ ಯಂತ್ರವೇ.

ಕಲಿತು ಹಾರುವುದೋ, ಲೆಕ್ಕ ಹಾಕಿ ಹಾರುವುದೋ ಎಂಬುದು ಇನ್ನೊಂದು ಆಯ್ಕೆ. ಜ್ಯೂರಿಕ್ ವಿಶ್ವವಿದ್ಯಾಲಯದ ಡೇವಿಡೆ ಸ್ಕಾರಮುಜ್ಜಾ ಅವರ ತಂಡ 2021ರಲ್ಲಿ, ಸಿಮ್ಯುಲೇಶನ್‌ನಲ್ಲಿ ಮಾತ್ರ ತರಬೇತಿ ಪಡೆದ ಡ್ರೋನನ್ನು ನಿಜವಾದ ಕಾಡಿನೊಳಗೆ ಗಂಟೆಗೆ 40 ಕಿ.ಮೀ. ವೇಗದವರೆಗೆ ಹಾರಿಸಿತು. 2023ರಲ್ಲಿ ಅವರದೇ ಸ್ವಿಫ್ಟ್ ಎಂಬ ಯಂತ್ರ ಡ್ರೋನ್ ಓಟದ ಮೂವರು ಚಾಂಪಿಯನ್ ಪೈಲಟ್‌ಗಳೊಂದಿಗೆ ನಡೆಸಿದ 25 ಓಟಗಳಲ್ಲಿ 15ನ್ನು ಗೆದ್ದಿತು. ಆ ಪ್ರಬಂಧ 'ನೇಚರ್' ಪತ್ರಿಕೆಯಲ್ಲಿದೆ. 2025ರ ಏಪ್ರಿಲ್‌ನಲ್ಲಿ ಅಬುಧಾಬಿಯ ಸ್ಪರ್ಧೆಯಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಡ್ರೋನ್, ಮುಂದೆ ಇರುವ ಒಂದೇ ಕ್ಯಾಮೆರಾದ ನೆರವಿನಿಂದ ಮನುಷ್ಯ ಪೈಲಟ್‌ಗಳನ್ನು ಸೋಲಿಸಿತು. ಇವೆಲ್ಲ ನೋಡಿದ ವಿದ್ಯಾರ್ಥಿಗಳಿಗೆ ಹಳೆಯ ಗಣಿತ ಬೇಡ ಎನಿಸುವುದು ಸಹಜ. ಆದರೆ ಸ್ವಿಫ್ಟ್ ಪ್ರಬಂಧವನ್ನು ಕೊನೆಯವರೆಗೆ ಓದಿ. ಬೆಳಕು ಬದಲಾದರೆ ಅದು ತಡವರಿಸಬಹುದು, ಒಮ್ಮೆ ಡಿಕ್ಕಿಯಾದರೆ ಮನುಷ್ಯನಂತೆ ಸಾವರಿಸಿಕೊಂಡು ಮುಂದುವರಿಯಲಾರದು ಎಂದು ಸಂಶೋಧಕರೇ ಬರೆದಿದ್ದಾರೆ. ಅಷ್ಟೇ ಅಲ್ಲ, ಅದರೊಳಗೂ, ತಪ್ಪು ಬೆರೆತ ಅಳತೆಗಳಿಂದ ನಿಜವಾದ ಸ್ಥಾನವನ್ನು ಅಂದಾಜಿಸುವ ಒಂದು ಕಾಲ್ಮನ್ ಫಿಲ್ಟರ್ ಕುಳಿತಿದೆ. ರುಡಾಲ್ಫ್ ಕಾಲ್ಮನ್ 1960ರಲ್ಲಿ ಬರೆದ ಆ ಲೆಕ್ಕವನ್ನು ಕಾಗದದ ಮೇಲೆ ಕೈಯಾರೆ ಬಿಡಿಸಿದ ನಂತರವೇ ಕಲಿತು ಹಾರುವುದರ ಹಿಂದಿರುವ ನರಜಾಲಗಳ (ನ್ಯೂರಲ್ ನೆಟ್‌ವರ್ಕ್) ಕಡೆಗೆ ಹೋಗಿ ಎಂಬುದು ನನ್ನ ಒತ್ತಾಯ.

ಹಿಂಡಾಗಿ ಹಾರುವ ಡ್ರೋನ್‌ಗಳ ಬಗ್ಗೆಯೂ ಕೇಳುತ್ತಾರೆ. ಚೀನಾದ ಜೆಜಿಯಾಂಗ್ ವಿಶ್ವವಿದ್ಯಾಲಯದವರು 2022ರಲ್ಲಿ ಅಂಗೈಯಷ್ಟು ಅಗಲದ ಹತ್ತು ಯಂತ್ರಗಳನ್ನು ಬಿದಿರು ಮೆಳೆಯೊಳಗೆ ಒಟ್ಟಿಗೆ ಹಾರಿಸಿ ತೋರಿಸಿದರು. ಬಿದಿರಿನ ಜಾಗದಲ್ಲಿ ಅಡಿಕೆಯನ್ನು ಇಟ್ಟು ಕಲ್ಪಿಸಿಕೊಂಡರೆ ಮೈ ಜುಮ್ಮೆನ್ನುತ್ತದೆ. ಆದರೂ ಒಂದು ಯಂತ್ರ ನೆಟ್ಟಗೆ ಹಾರುವ ಮೊದಲು ಹತ್ತರ ಮಾತು ಬೇಡ.

ಸಿಂಪಡಣೆಯ ಕುರಿತು ಒಂದು ಮಾತು ಹೇಳಲೇಬೇಕು. ಡ್ರೋನ್‌ನಿಂದ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಸಿಂಪಡಿಸುವ ಕನಸು ಎಲ್ಲರಿಗೂ ಇದೆ, ಮರ ಹತ್ತುವವರು ಸಿಗದ ಕಾಲದಲ್ಲಿ ಅದು ನ್ಯಾಯವಾದ ಕನಸೇ. ಶೇಕಡಾ ಒಂದರ ದ್ರಾವಣವೆಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಹತ್ತು ಲೀಟರ್ ಹೊರುವ ಯಂತ್ರದ ಅಗಲವೇ ಅದನ್ನು ಮರಗಳ ನಡುವೆ ಬಿಡುವುದಿಲ್ಲ, ಮೇಲಿನಿಂದ ಸುರಿದರೆ ಸೋಗೆ ತೋಯುತ್ತದೆ, ಗೊನೆ ತೋಯುವುದು ಅನುಮಾನ. ಇದಕ್ಕಿಂತ ದೊಡ್ಡ ಮಾತು ಬೇರೆ ಇದೆ. ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರ್‌ಗಳು ಎಂಡೋಸಲ್ಫಾನ್ ಕೀಟನಾಶಕ ಸುರಿದವು. ಪಡ್ರೆ, ಎಣ್ಮಕಜೆಯ ಮನೆಗಳಲ್ಲಿ ಅದರ ನೋವು ಇನ್ನೂ ಮಲಗಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿದ ಮೇಲೂ, ತಲೆಯ ಮೇಲೆ ಯಂತ್ರದ ಸದ್ದು ಕೇಳಿದರೆ ಬಾವಿಯ ಬಾಯಿ ಮುಚ್ಚಲು ಓಡುವ ಹಿರಿಯರನ್ನು ನಾನು ಕಂಡಿದ್ದೇನೆ. ಈ ನೆಲದಲ್ಲಿ ಹಾರುವ ಯಂತ್ರದ ಸಂಶೋಧನೆ ಮಾಡುವವರು ಊರಿನವರನ್ನು ಕೇಳಿ, ಏನು ಹಾರಿಸುತ್ತೇವೆ, ಏನನ್ನೂ ಸುರಿಸುವುದಿಲ್ಲ ಎಂದು ಮನೆಮನೆಗೆ ಹೋಗಿ ಹೇಳಿ ಹಾರಿಸಬೇಕು. ಸುರಿಯುವ ಯಂತ್ರ, ನೋಡುವ ಯಂತ್ರ ಎರಡರಲ್ಲಿ ಒಂದನ್ನು ಆರಿಸುವುದಾದರೆ ನಾನು ನೋಡುವ ಯಂತ್ರವನ್ನೇ ಆರಿಸುತ್ತೇನೆ.

ಸುರಂಗದಲ್ಲಿ

ಬಾಯಾರು, ಎಣ್ಮಕಜೆ ಕಡೆಯ ಗುಡ್ಡಗಳಲ್ಲಿ ಸುರಂಗಗಳಿಗೆ ಕೊರತೆಯಿಲ್ಲ. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಕಿರಿದು, ಒಳಗೆ ಕತ್ತಲೆ, ಕಾಲಡಿಯಲ್ಲಿ ನೀರು. ಎಲ್ಲಿ ಕುಸಿದಿದೆ ಎಂದು ನೋಡಲು ಮನುಷ್ಯ ಹೋಗುವುದಕ್ಕಿಂತ ಯಂತ್ರ ಹೋಗುವುದು ಲೇಸು.

ಇಲ್ಲಿ ಕ್ಯಾಮೆರಾ ತನ್ನ ದೀಪವನ್ನು ತಾನೇ ಹೊರಬೇಕು. ದೀಪ ಚಲಿಸಿದಂತೆ ನೆರಳೂ ಚಲಿಸಿ ಗುರುತುಗಳು ಮೋಸ ಮಾಡುತ್ತವೆ. ಲೈಡಾರ್‌ಗೆ ಕತ್ತಲೆ ಬಾಧಿಸದು, ಆದರೆ ಉದ್ದವಾದ ನೇರ ಕೊಳವೆಯಲ್ಲಿ ಹತ್ತು ಹೆಜ್ಜೆ ಮುಂದೆ ಹೋದರೂ ಗೋಡೆಗಳು ಅಷ್ಟೇ ದೂರದಲ್ಲಿ ಕಾಣುವುದರಿಂದ, ತಾನು ಮುಂದೆ ಹೋದೆನೋ ಇಲ್ಲವೋ ಎಂಬುದೇ ಅದಕ್ಕೆ ತಿಳಿಯುವುದಿಲ್ಲ. ತೋಟದಲ್ಲಿ ಗೆದ್ದ ಲೈಡಾರ್ ಇಲ್ಲಿ ಒಂದೇ ದಿಕ್ಕಿನಲ್ಲಿ ಕುರುಡಾಗುತ್ತದೆ. ಪ್ರೊಪೆಲರ್‌ನ ಗಾಳಿ ಗೋಡೆಗೆ ಬಡಿದು ಮರಳಿ ಯಂತ್ರವನ್ನೇ ಅಲುಗಿಸುತ್ತದೆ. ಡಿಕ್ಕಿಯನ್ನು ತಪ್ಪಿಸುವುದಕ್ಕಿಂತ ಡಿಕ್ಕಿಯನ್ನು ಸಹಿಸುವುದು ಮೇಲು ಎಂದು ಯೋಚಿಸಿದವರು ಸ್ವಿಟ್ಜರ್ಲೆಂಡಿನ ಇಪಿಎಫ್‌ಎಲ್ ತಾಂತ್ರಿಕ ವಿಶ್ವವಿದ್ಯಾಲಯದವರು. ಪಂಜರದೊಳಗಿನ ಅವರ ಡ್ರೋನ್ ಮುಂದೆ ಫ್ಲೈಯಬಿಲಿಟಿ ಎಂಬ ಕಂಪನಿಯಾಯಿತು. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ನಡೆಸಿದ ನೆಲದಡಿಯ ಸ್ಪರ್ಧೆಯನ್ನು 2021ರಲ್ಲಿ ಗೆದ್ದ ಸೆರ್ಬೆರಸ್ ತಂಡ, ನಾಲ್ಕು ಕಾಲಿನ ರೋಬೋಟ್‌ಗಳನ್ನೂ ಹಾರುವ ರೋಬೋಟ್‌ಗಳನ್ನೂ ಜೊತೆಗೂಡಿಸಿತ್ತು. ಯಾಂತ್ರಿಕ ವಿನ್ಯಾಸದಲ್ಲಿ ಕೈ ಪಳಗಿದವರಿಗೆ, ಮೆಕ್ಯಾನಿಕಲ್ ಓದಿದವರಿಗೆ, ಈ ದಾರಿಯನ್ನು ನಾನು ಧೈರ್ಯವಾಗಿ ಸೂಚಿಸುತ್ತೇನೆ. ಒಂದೇ ಎಚ್ಚರಿಕೆ: ಮಳೆಗಾಲದಲ್ಲಿ ಸುರಂಗದೊಳಗೆ ಯಂತ್ರವನ್ನು ಹುಡುಕಿಕೊಂಡು ಹೋಗಬೇಡಿ.

ಯಾರ ಬಳಿ ಕಲಿಯುವುದು

ಪ್ರಯೋಗಾಲಯಗಳ ವಿಡಿಯೊ ನೋಡುವಾಗ ಒಂದು ಅಂಶವನ್ನು ಗಮನಿಸಿ: ಯಂತ್ರ ನೋಡುತ್ತಿರುವುದು ತನ್ನ ಕಣ್ಣಿನಿಂದಲೋ, ಹೊರಗಿನ ಕಣ್ಣಿನಿಂದಲೋ? ಇಟಿಎಚ್‌ನ ರಫಾಯೆಲ್ಲೊ ಡಿ'ಆಂಡ್ರಿಯಾ ಅವರ ಹತ್ತು ಮೀಟರ್ ಉದ್ದಗಲ ಎತ್ತರದ ಹಾರಾಟದ ಅಂಗಳದಲ್ಲಿ, ಗೋಡೆಯ ಮೇಲಿನ ಕ್ಯಾಮೆರಾಗಳು ಪ್ರತಿ ಯಂತ್ರದ ಸ್ಥಾನವನ್ನು ನಿಖರವಾಗಿ ಹೇಳುತ್ತವೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಗ್ರಾಸ್ಪ್ ಪ್ರಯೋಗಾಲಯದಲ್ಲಿ, ಐಐಟಿ ಕಾನ್ಪುರದಲ್ಲಿ ಓದಿದ ವಿಜಯ್ ಕುಮಾರ್ ಮತ್ತು ಡೇನಿಯಲ್ ಮೆಲಿಂಜರ್ 2011ರಲ್ಲಿ ತೋರಿಸಿದ ಚುರುಕಿನ ಹಾರಾಟವೂ ಅಂಥದ್ದೇ ಕೋಣೆಯಲ್ಲಿ ನಡೆದದ್ದು. ಅದು ಕಡಿಮೆ ಕೆಲಸವೇನೂ ಅಲ್ಲ. ಅವರ ಪಥ ಯೋಜನೆಯ ಗಣಿತವನ್ನು ಇಂದಿಗೂ ಎಲ್ಲರೂ ಬಳಸುತ್ತಾರೆ. ನಿಯಂತ್ರಣದ ಗಣಿತವೇ ಇಷ್ಟವಾದರೆ ಅಂಥ ಕೋಣೆ ಇರುವ ಪ್ರಯೋಗಾಲಯ ಬೇಕು. ತೋಟ, ಸುರಂಗದ ಗುರಿ ಇದ್ದರೆ ಕೋಣೆಯಿಂದ ಹೊರಗೆ ಹಾರಿಸುವ ತಂಡ ಬೇಕು.

ದೇಶದೊಳಗೆ ಐಐಎಸ್‌ಸಿಯ ಏರೋಸ್ಪೇಸ್ ವಿಭಾಗ 1942ರಿಂದ ಇದೆ. ಅಲ್ಲಿನ ರಾಬರ್ಟ್ ಬಾಷ್ ಕೇಂದ್ರದಲ್ಲಿ ರೋಬೋಟಿಕ್ಸ್ ಮತ್ತು ಸ್ವಾಯತ್ತ ವ್ಯವಸ್ಥೆಗಳ ಎಂಟೆಕ್ ಇದೆ. ಐಐಟಿ ಕಾನ್ಪುರಕ್ಕೆ ಸ್ವಂತ ವಿಮಾನಪಟ್ಟಿಯೇ ಇರುವುದರಿಂದ ರೆಕ್ಕೆಯ ವಿಮಾನದ ಆಸೆ ಇದ್ದವರಿಗೆ ಅದು ಹೇಳಿ ಮಾಡಿಸಿದ ಜಾಗ. ಕ್ಯಾಮೆರಾದ ದಾರಿ ಹಿಡಿದವರು ಹೈದರಾಬಾದಿನ ಐಐಐಟಿಯ ರೋಬೋಟಿಕ್ಸ್ ಸಂಶೋಧನಾ ಕೇಂದ್ರವನ್ನು ಬಿಟ್ಟುಬಿಡಬಾರದು. ತಿರುವನಂತಪುರದಲ್ಲಿ ಬಾಹ್ಯಾಕಾಶ ವಿಜ್ಞಾನದ ಐಐಎಸ್‌ಟಿ ಇದೆ. ಕಲ್ಲಿಕೋಟೆ ಮತ್ತು ಸುರತ್ಕಲ್ಲಿನ ಎನ್‌ಐಟಿಗಳು ಮನೆಗೆ ಹತ್ತಿರ. ಹತ್ತಿರ ಇರುವುದನ್ನು ಕಡಿಮೆ ಎಂದು ತಿಳಿಯಬೇಡಿ. ವಾರಕ್ಕೊಮ್ಮೆ ತೋಟಕ್ಕೆ ಬಂದು ಹಾರಿಸಲು ಸಾಧ್ಯವಾಗುವುದು ಸುರತ್ಕಲ್ಲಿನಿಂದ, ಜ್ಯೂರಿಕ್‌ನಿಂದ ಅಲ್ಲ.

ಖರ್ಚಿನ ವಿಷಯದಲ್ಲಿ ನೇರವಾಗಿ ಹೇಳುತ್ತೇನೆ. ಗೇಟ್ ಪ್ರವೇಶ ಪರೀಕ್ಷೆ ಬರೆದು ಎಂಟೆಕ್ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ, ಪಿಎಚ್‌ಡಿಯ ಜೆಆರ್‌ಎಫ್ ಫೆಲೋಶಿಪ್‌ಗೆ 2023ರಿಂದ 37,000 ರೂಪಾಯಿ. ಸ್ವಿಟ್ಜರ್ಲೆಂಡ್, ನೆದರ್ಲೆಂಡ್ಸ್‌ಗಳಲ್ಲಿ ಪಿಎಚ್‌ಡಿ ಎಂದರೆ ಸಂಬಳದ ಕೆಲಸ. ಅಮೆರಿಕದಲ್ಲೂ ಪಿಎಚ್‌ಡಿಗೆ ಸಾಮಾನ್ಯವಾಗಿ ವಿಶ್ವವಿದ್ಯಾಲಯವೇ ಹಣ ಕೊಡುತ್ತದೆ. ತೋಟ ಅಡವಿಟ್ಟು ಮಾಡುವ ಸಾಲ ಬರುವುದು ಅಲ್ಲಿನ ಎಂಎಸ್‌ಗೆ. ಆದ್ದರಿಂದ ಇಲ್ಲಿ ಎಂಟೆಕ್ ಮುಗಿಸಿ, ಒಂದೆರಡು ಪ್ರಬಂಧ ಬರೆದು, ನೇರ ಪಿಎಚ್‌ಡಿಗೆ ಹೊರದೇಶಕ್ಕೆ ಹೋಗುವ ದಾರಿಯನ್ನೇ ನಾನು ಹೇಳುತ್ತೇನೆ.

ಪ್ಲಸ್ ಟು ಓದುತ್ತಿರುವವರು ಮರೆಯಬಾರದ ಸಂಗತಿ ಒಂದಿದೆ. ಕರ್ನಾಟಕದ ಸಿಇಟಿಯಲ್ಲಿ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳ ಗಡಿನಾಡು ಕನ್ನಡಿಗರಿಗೆ ಅರ್ಹತೆಯ ಪ್ರತ್ಯೇಕ ಅವಕಾಶವಿದೆ, ಅದಕ್ಕೆ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಕೇರಳದ ಪ್ರವೇಶ ಪರೀಕ್ಷೆಯ ಜೊತೆಗೆ ಅದನ್ನೂ ಬರೆಯಿರಿ. ಯಾವ ಶಾಖೆ ಎಂದು ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್, ಕಂಪ್ಯೂಟರ್ ಮೂರರಿಂದಲೂ ಈ ಕ್ಷೇತ್ರಕ್ಕೆ ಬಂದವರಿದ್ದಾರೆ. ರೇಖೀಯ ಬೀಜಗಣಿತ ಮತ್ತು ಸಂಭವನೀಯತೆಯನ್ನು ಮಾತ್ರ ಅರೆಬರೆ ಕಲಿಯಬೇಡಿ.

ಕನ್ನಡ ಮಾಧ್ಯಮದಿಂದ ಬಂದವರು ಇಂಗ್ಲಿಷಿನ ಪ್ರಬಂಧಗಳಿಗೆ ಹೆದರುವುದನ್ನು ನೋಡುತ್ತೇನೆ. ನಾನೂ ಹೆದರಿದ್ದೆ. ಸಮೀಕರಣಗಳನ್ನು ಮೊದಲು ಓದಿ, ಆಮೇಲೆ ಚಿತ್ರಗಳನ್ನು, ಕೊನೆಗೆ ವಾಕ್ಯಗಳನ್ನು. ಆರು ತಿಂಗಳಲ್ಲಿ ಹೆದರಿಕೆ ಹೋಗುತ್ತದೆ.

ಈ ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಹಾರಿಸಲು ಆಗುವುದಿಲ್ಲ. ಆ ಮೂರು ತಿಂಗಳು ಕಂಪ್ಯೂಟರಿನಲ್ಲೇ ಹಾರಾಟವನ್ನು ಅನುಕರಿಸುವ ಗೆಜೀಬೊ ಸಿಮ್ಯುಲೇಟರಿನಲ್ಲಿ ಪಿಎಕ್ಸ್4 ಓಡಿಸಿ, 2.7 ಮೀಟರ್ ಅಂತರದಲ್ಲಿ ಕಂಬಗಳನ್ನು ನಿಲ್ಲಿಸಿ ನಿಮ್ಮದೇ ತೋಟವನ್ನು ಕಟ್ಟಿ. ಮಳೆ ಬಿಟ್ಟ ಒಂದು ಮಧ್ಯಾಹ್ನ ಕ್ಯಾಮೆರಾ ಮತ್ತು ಐಎಂಯುವನ್ನು ಒಂದು ಕೋಲಿಗೆ ಕಟ್ಟಿ, ಕೈಯಲ್ಲಿ ಹಿಡಿದು ತೋಟದ ನಾಲ್ಕು ಸಾಲುಗಳ ನಡುವೆ ನಡೆದು, ಹೊರಟ ಮರದ ಬುಡಕ್ಕೇ ಮರಳಿ ಬನ್ನಿ. ಆ ದತ್ತಾಂಶವನ್ನು ವಿನ್ಸ್-ಮೊನೊಗೆ ಕೊಟ್ಟಾಗ ನಕ್ಷೆಯ ಎರಡು ತುದಿಗಳು ಎಷ್ಟು ಮೀಟರ್ ದೂರ ನಿಂತವು ಎಂದು ಬರೆದಿಟ್ಟುಕೊಳ್ಳಿ. ಸೆಪ್ಟೆಂಬರಿನಲ್ಲಿ ಆ ಸಂಖ್ಯೆಯನ್ನು ಹಿಡಿದುಕೊಂಡು ನಮ್ಮ ಜಗಲಿಗೆ ಬನ್ನಿ, ಯಾವ ಪ್ರಯೋಗಾಲಯಕ್ಕೆ ಬರೆಯಬೇಕೆಂದು ಜೊತೆಯಾಗಿ ಕುಳಿತು ನೋಡೋಣ.